ಭಂಗಾರ್ ಗಲ್ಲಿಯಲ್ಲೊಂದು ಬೆಳಗ್ಗೆ

ಊರಿನಿಂದ ಬಂದಿದ್ದ ಅಮ್ಮ ಬಾಲ್ಕನಿಯಿಂದ ಓಡಿ ಬಂದರು. "ಕೆಳಗೆ ಒಬ್ಬ ಕೈಗಾಡಿ ತಳ್ಳಿಕೊಂಡು ಬಂಗಾರ, ಬಂಗಾರ ಅಂತ ಕೂಗ್ತಿದ್ದಾನೆ. ಅವನ ಅಂಗಿಯೇ ಹರಿದಿದೆ, ಬಂಗಾರ ಎಲ್ಲಿಂದ ಬಂತು ಮಗಾ?"

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಇದು ಹಳೆಯ ಜೋಕು. ಇಲ್ಲಿನ 'ಭಂಗಾರ್' ಎಂದರೆ ನಮ್ಮ ಗುಜರಿ. ಆದರೆ ಆ ದಿನ ನಗುವ ಬದಲು ನಾನು ಬಾಲ್ಕನಿಯ ಮೂಲೆಯಲ್ಲಿದ್ದ ಹಳೆಯ ಫ್ರಿಜ್ಜನ್ನು ನೋಡಿದೆ. 1996ರಲ್ಲಿ ಕಂತಿನಲ್ಲಿ ಕೊಂಡದ್ದು, 165 ಲೀಟರಿನದು. ಇನ್ನೂ ತಣ್ಣಗೆ ಮಾಡುತ್ತಿತ್ತು, ಆದರೆ ತಳವೆಲ್ಲ ತುಕ್ಕು. ಭಂಗಾರ್‌ವಾಲಾ ಮೇಲೆ ಬಂದು ನೋಡಿ "ಎಂಟುನೂರು" ಎಂದ.

ನನಗೆ ಒಪ್ಪಿಗೆಯಾಗಲಿಲ್ಲ. ಫ್ರಿಜ್ಜಿನ ಹೊಟ್ಟೆಯಲ್ಲಿ ತಾಮ್ರವಿದೆ, ತಾಮ್ರಕ್ಕೆ ಕಿಲೋಗೆ ಏಳುನೂರರ ಮೇಲೆ ಸಿಗುತ್ತದೆ ಎಂದು ಮೊಬೈಲಿನ ವಿಡಿಯೊಗಳು ಹೇಳಿದ್ದವು. ಭಾನುವಾರ ಸ್ಕ್ರೂಡ್ರೈವರ್, ಹ್ಯಾಕ್ಸಾ ಹಿಡಿದು ಕೂತೆ. ಹಿಂಬದಿಯ ಪೈಪು ಕೊಯ್ದಾಗ 'ಫುಸ್' ಎಂದು ಸದ್ದು ಬಂದು ನಿಂತಿತು. ಸಂಜೆಯ ಹೊತ್ತಿಗೆ ಎರಡು ಬೆರಳು ಕುಯ್ದಿದ್ದವು. ಕಂಪ್ರೆಸರ್ ಮಾತ್ರ ಬೆಸುಗೆ ಹಾಕಿದ ಕಬ್ಬಿಣದ ಗಡಿಗೆ, ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಮರುದಿನ ಅದೇ ಭಂಗಾರ್‌ವಾಲಾ ರಾಶಿ ನೋಡಿ, "ಈಗ ಆರುನೂರು ಅಂಕಲ್. ಪೂರ್ತಿ ಇದ್ದಿದ್ದರೆ ರಿಪೇರಿಯವನು ತಗೊಳ್ತಿದ್ದ" ಎಂದ. ನಷ್ಟ ಹೇಗೂ ಆಗಿದೆ, ಸರಕು ಹೋಗುವ ಜಾಗವನ್ನಾದರೂ ನೋಡೋಣವೆಂದು ಅವನ ಟೆಂಪೊ ಹತ್ತಿದೆ.

ಎಲ್‌ಬಿಎಸ್ ಮಾರ್ಗ ಬಿಟ್ಟು ಕುರ್ಲಾ ಪಶ್ಚಿಮದ ಸಿಎಸ್‌ಟಿ ರಸ್ತೆಗೆ ತಿರುಗಿದರೆ ಊರೇ ಬೇರೆ. ಒಂದು ಗಾಲಾದಲ್ಲಿ ಬರೀ ಕಾರಿನ ಬಾಗಿಲುಗಳು, ಪಕ್ಕದಲ್ಲಿ ಬರೀ ವಾಷಿಂಗ್ ಮಷಿನಿನ ಡ್ರಮ್ಮುಗಳು, ಅದರಾಚೆ ಮೋಟಾರುಗಳ ಗುಡ್ಡೆ. ನೆಲ ಎಣ್ಣೆ ಕುಡಿದು ಕಪ್ಪಾಗಿದೆ. ಸುತ್ತಿಗೆಯ ಸದ್ದಿನಲ್ಲಿ ಮಾತು ಕೇಳಿಸದೆ ಜನ ಬೆರಳು ತೋರಿಸಿಯೇ ದರ ಹೇಳುತ್ತಾರೆ. ಹತ್ತಿರದಲ್ಲೇ ಮೀಠಿ ನದಿ. ಟೆಂಪೊ ನಿಂತ ಗಾಲಾದ ಮಾಲೀಕ ಗೋಡೆಯ ಮೇಲೆ ತಲೆಯೆತ್ತರದ ಗುರುತೊಂದನ್ನು ತೋರಿಸಿದ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೀರು ಅಲ್ಲಿಗೆ ಬಂದಿತ್ತಂತೆ. "ಮೊದಲು ನಾವು ಮುಳುಗಿದೆವು. ಆಮೇಲೆ ಎಲ್ಲರ ಮನೆಯ ಮುಳುಗಿದ ಫ್ರಿಜ್ಜುಗಳು ಇಲ್ಲಿಗೇ ಬಂದವು" ಎಂದ.

ಅಷ್ಟರಲ್ಲಿ ಅಮ್ಮನ ಫೋನು. ನಾನು ಕನ್ನಡದಲ್ಲಿ ಕಿರುಚುತ್ತಿದ್ದುದನ್ನು ಕೇಳಿ ಮೂಲೆಯಲ್ಲಿ ಕೂತಿದ್ದ ಹುಡುಗ ತಲೆಯೆತ್ತಿದ. "ನಮ್ಮ ಕಡಿಯವ್ರೇನ್ರಿ?" ಆಳಂದದ ಕಡೆಯವನು, ಇಪ್ಪತ್ತೈದರ ಆಸುಪಾಸು. ನನ್ನ ಕಂಪ್ರೆಸರ್ ಅವನ ಮುಂದೆಯೇ ಇತ್ತು. ಗ್ರೈಂಡರಿನಿಂದ ಸುತ್ತಲೂ ಕೊಯ್ದು, ಮುಚ್ಚಳ ಎಬ್ಬಿಸಿ, ಎಣ್ಣೆಯನ್ನು ಡಬ್ಬಿಗೆ ಬಗ್ಗಿಸಿ, ಉಳಿಯಿಂದ ತಾಮ್ರದ ಸುರುಳಿಯ ಒಂದು ಬದಿ ಕಡಿದು ಇನ್ನೊಂದು ಬದಿಯಿಂದ ಎಳೆದ. ಇಪ್ಪತ್ತು ನಿಮಿಷ. ಕಣ್ಣಿಗೆ ಕನ್ನಡಕವಿಲ್ಲ, ಕೈ ಬರಿಗೈ. ಕೇಳಿದರೆ, "ಗ್ಲೌಸ್ ಹಾಕ್ಕೊಂಡ್ರ ಎಳಿ ಕೈಗಿ ಸಿಗಂಗಿಲ್ರಿ" ಎಂದ. ಎಡಗೈ ತೋರುಬೆರಳಿನ ತುದಿ ಇರಲಿಲ್ಲ. ನನ್ನ ಎರಡು ಬೆರಳಿನ ಬ್ಯಾಂಡೇಜನ್ನು ನಾನು ಜೇಬಿಗೆ ಹಾಕಿಕೊಂಡೆ.

ಮಾಲೀಕ ಲೆಕ್ಕ ಬಿಡಿಸಿ ಹೇಳಿದ. ನನ್ನದರಂಥ ಒಂದು ಫ್ರಿಜ್ಜಿನ ತಗಡು ಇಪ್ಪತ್ತು ಕಿಲೋ, ಸುಮಾರು 560 ರೂಪಾಯಿ. ಅಲ್ಯೂಮಿನಿಯಂ, ಪೈಪು ಸೇರಿ 250. ಪ್ಲಾಸ್ಟಿಕ್ 75. ಎಂಟು ಕಿಲೋದ ಕಂಪ್ರೆಸರನ್ನು ಹಾಗೆಯೇ ಮಾರಿದರೆ 480. ಒಡೆದರೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತಾಮ್ರ, ಉಳಿದದ್ದು ಕಬ್ಬಿಣ, ಒಟ್ಟು 600ರ ಮೇಲೆ. ಅಂದರೆ ಒಡೆಯುವುದರಿಂದ ಸಿಗುವ ಹೆಚ್ಚುವರಿ ನೂರಿಪ್ಪತ್ತೋ ನೂರಮೂವತ್ತೋ. ಅದರಲ್ಲಿ ಹುಡುಗನ ಕೂಲಿಯೂ ಬರಬೇಕು. ಮನೆಬಾಗಿಲಿನ ಎಂಟುನೂರು, ಟೆಂಪೊ, ಹಮಾಲಿ ಕಳೆದರೆ ಉಳಿಯುವುದು ಎಷ್ಟೆಂದು ನೀವೇ ಎಣಿಸಿ. ಅಗ್ಗದ ಮೋಟಾರುಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ಸುತ್ತಿರುತ್ತಾರೆ, ಒಡೆದ ಮೇಲೆಯೇ ಗೊತ್ತಾಗುವುದು. ಆಗ ಅದೂ ಇಲ್ಲ.

ಇಲ್ಲಿಂದ ಒಂದೊಂದು ಭಾಗಕ್ಕೂ ಒಂದೊಂದು ದಾರಿ. ಪ್ಲಾಸ್ಟಿಕ್ ಧಾರಾವಿಯ ತೇರಾ ಕಂಪೌಂಡಿಗೆ ಹೋಗಿ ಪುಡಿಯಾಗಿ ಕಾಳಾಗುತ್ತದೆ. ಕಬ್ಬಿಣ ಜಾಲ್ನಾದಂಥ ಊರುಗಳ ಕುಲುಮೆಗೆ ಹೋಗಿ ಸರಳಾಗುತ್ತದೆ. ತಾಮ್ರ ವ್ಯಾಪಾರಿಗಳ ಕೈದಾಟಿ ದಕ್ಷಿಣ ಮುಂಬಯಿಯ ಕೀಕಾ ಸ್ಟ್ರೀಟಿನ ಲೋಹದ ಪೇಟೆಗೆ. ಅಲ್ಲಿನ ದರ ಲಂಡನ್ನಿನ ಲೋಹ ವಿನಿಮಯ ಕೇಂದ್ರವನ್ನು ನೋಡಿಕೊಂಡು ಏರಿಳಿಯುತ್ತದೆ. ಆಳಂದದ ಹುಡುಗನ ಕೂಲಿ ಮಾತ್ರ ಲಂಡನ್ನನ್ನು ನೋಡುವುದಿಲ್ಲ.

ಮರಳುವಾಗ ಆ 'ಫುಸ್' ಸದ್ದು ನೆನಪಾಯಿತು. ಮನೆಗೆ ಬಂದು ಓದಿದೆ. ಆ ಕಾಲದ ಫ್ರಿಜ್ಜುಗಳಲ್ಲಿ ಇದ್ದದ್ದು ಆರ್-12 ಅನಿಲ. ಓಜೋನ್ ಪದರಕ್ಕೆ ಕುತ್ತು ಎಂದು 1987ರ ಮಾಂಟ್ರಿಯಲ್ ಒಪ್ಪಂದ ಹೊರಗಿಡಲು ಹೊರಟ ಸರಕು. ಭೂಮಿಯನ್ನು ಬಿಸಿಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಬಲ ಅದಕ್ಕೆ. ನೂರು ಗ್ರಾಂ ಹೊರಬಿಟ್ಟರೂ ಒಂದು ಟನ್ನಿನ ಲೆಕ್ಕ. ಈಗಿನ ಅನೇಕ ಫ್ರಿಜ್ಜುಗಳಲ್ಲಿ ಇರುವ ಐಸೊಬ್ಯೂಟೇನ್ ಓಜೋನಿಗೆ ಹಾನಿ ಮಾಡದು, ಆದರೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಇನ್ನು ಹತ್ತು ವರ್ಷಕ್ಕೆ ಆ ಹುಡುಗನ ಮುಂದೆ ಬಂದು ಕೂರುವುದು ಅವೇ ಫ್ರಿಜ್ಜುಗಳು.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಫ್ರಿಜ್, ಎಸಿ, ವಾಷಿಂಗ್ ಮಷಿನ್ ಎಲ್ಲ ಇವೆ. ನೋಂದಾಯಿತ ಮರುಬಳಕೆದಾರರ ಮೂಲಕವೇ ವಿಲೇವಾರಿ ಆಗಬೇಕು, ಅದರ ಹೊಣೆ ತಯಾರಕರದ್ದು. ಆದರೆ ಬಾಲ್ಕನಿಯ ಕೆಳಗೆ ಕೂಗುವವನು ಇವತ್ತಿಗೂ ಕೈಗಾಡಿಯವನೇ. ಅವನನ್ನು ದೂರಿ ಪ್ರಯೋಜನವಿಲ್ಲ. ನನಗಿಂತ ಅವನಿಗೇ ಕೆಲಸ ಗೊತ್ತು, ಪೂರ್ತಿ ಫ್ರಿಜ್ಜನ್ನು ಅವನು ರಿಪೇರಿಗೆ ಕಳಿಸುತ್ತಿದ್ದ.

ಈಗ ನಮ್ಮ ಎಸಿಯ ಸರದಿ. ಅದರಲ್ಲಿರುವುದು ಆರ್-22, ಅದೂ ಓಜೋನಿಗೆ ಒಳ್ಳೆಯದಲ್ಲ. ಮಾರುವ ಮೊದಲು ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಡಿ ಎಂದು ಮೆಕ್ಯಾನಿಕ್ಕನ್ನು ಕೇಳಿದೆ. "ಭಂಗಾರ್‌ಗೆ ಕೊಡೋದಕ್ಕೆ ಯಾರೂ ದುಡ್ಡು ಖರ್ಚು ಮಾಡಲ್ಲ ಸಾರ್" ಎಂದು ನಕ್ಕ. ಯಂತ್ರ ಇಟ್ಟುಕೊಂಡವನನ್ನು ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಎಸಿ ಫ್ರಿಜ್ಜಿದ್ದ ಮೂಲೆಯಲ್ಲೇ ಇರುತ್ತದೆ, ಸ್ಕ್ರೂ ಒಂದೂ ಬಿಚ್ಚದೆ.