ಹಿತ್ತಲಿನ ಹೊಂಡ

ಅಮೆರಿಕೆಯಿಂದ ಮರಳಿದ ಮೇಲೆ ಊರಿನಲ್ಲಿ ಭೇಟಿಯಾದ ಹಳೆಯ ವಿದ್ಯಾರ್ಥಿಗಳೆಲ್ಲ ಕೇಳಿದ ಪ್ರಶ್ನೆ ಒಂದೇ: "ಸರ್, ಆರು ತಿಂಗಳು ಅಲ್ಲಿ ಏನೇನು ನೋಡಿದ್ರಿ?" ನಯಾಗರಾ, ಶ್ವೇತಭವನ ಎಂಬ ಉತ್ತರವನ್ನು ನಿರೀಕ್ಷಿಸುತ್ತಿದ್ದವರಿಗೆ ನಾನು, "ಒಂದು ಹೊಂಡ ತೋಡೂದನ್ನ ನೋಡಿದೆ" ಎಂದೆ. ನಕ್ಕರು. ಮಾಸ್ತರರಿಗೆ ವಯಸ್ಸಾಯಿತೆಂದು ಮನಸ್ಸಿನಲ್ಲಿ ಅಂದುಕೊಂಡಿರಲೂಬಹುದು. ಆದರೆ ನಾನು ಹೇಳಿದ್ದು ನಿಜ. 2023ರ ಫೆಬ್ರುವರಿಯಿಂದ ಜೂನ್‌ವರೆಗೆ ಮಗಳ ಮನೆಯ ಹಿತ್ತಲಿನಲ್ಲಿ ಈಜುಕೊಳವೊಂದು ಸಿದ್ಧವಾಗುವುದನ್ನು ಕುರ್ಚಿ ಹಾಕಿಕೊಂಡು ಕುಳಿತು ನೋಡಿದ್ದೇನೆ. ಅಷ್ಟು ಏಕಾಗ್ರತೆಯಿಂದ ನಾನು ಯಾವ ಪ್ರೇಕ್ಷಣೀಯ ಸ್ಥಳವನ್ನೂ ನೋಡಿದವನಲ್ಲ.

ಮಗಳ ಮನೆಯಿರುವುದು ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರದ ಉತ್ತರಕ್ಕಿರುವ ಪ್ಲೇನೋ ಎಂಬ ಊರಿನಲ್ಲಿ. ಬೇಸಿಗೆಯಲ್ಲಿ ಅಲ್ಲಿಯ ಬಿಸಿಲು ನಮ್ಮ ನರಗುಂದದ ಬಿಸಿಲಿಗೆ ಏನೇನೂ ಕಡಿಮೆಯಿಲ್ಲ. ಮೊಮ್ಮಗಳಿಗೆ ಎಂಟು ವರ್ಷ, ಮೊಮ್ಮಗನಿಗೆ ಮೂರು. ಮಕ್ಕಳಿಗೆ ಮನೆಯಲ್ಲಿಯೇ ಈಜು ಬರಲಿ ಎಂದು ಅಳಿಯಂದಿರು ಬಹಳ ದಿನಗಳಿಂದ ಯೋಚಿಸಿ ಕಡೆಗೆ ಗುತ್ತಿಗೆದಾರನೊಬ್ಬನಿಗೆ ಮುಂಗಡ ಕೊಟ್ಟಿದ್ದರು.

ಮೊದಲು ಬಂದವನು ಅಗೆಯುವವನಲ್ಲ, ಬಾವುಟ ನೆಡುವವನು. ಅಲ್ಲಿ ಸ್ವಂತ ಹಿತ್ತಲನ್ನು ಅಗೆಯುವುದಕ್ಕೂ ಮುನ್ನ 811 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ತಿಳಿಸಬೇಕು. ನೆಲದೊಳಗೆ ಹಾದುಹೋಗಿರುವ ಕೊಳವೆ, ತಂತಿಗಳ ಜಾಡನ್ನು ಗುರುತಿಸಿ ಪುಟ್ಟ ಪುಟ್ಟ ಬಾವುಟಗಳನ್ನು ನೆಟ್ಟು ಹೋಗುತ್ತಾರೆ. ಅನಿಲಕ್ಕೆ ಹಳದಿ, ವಿದ್ಯುತ್ತಿಗೆ ಕೆಂಪು, ಕುಡಿಯುವ ನೀರಿಗೆ ನೀಲಿ, ದೂರವಾಣಿಗೆ ಕಿತ್ತಳೆ, ಒಳಚರಂಡಿಗೆ ಹಸಿರು. ಮೊಮ್ಮಗ ಅವುಗಳಲ್ಲೊಂದನ್ನು ಕಿತ್ತು ತಂದು ನನ್ನ ಕೈಗೆ ಕೊಟ್ಟ. ಅದನ್ನು ಅದೇ ತೂತಿನಲ್ಲಿ ಮರಳಿ ನೆಡಲು ನಾನು ಪಟ್ಟ ಪಾಡು ಹೇಳತೀರದು. ನಮ್ಮಲ್ಲಿ ಒಂದು ಇಲಾಖೆಯವರು ರಸ್ತೆ ಅಗೆದಾಗ ಇನ್ನೊಂದು ಇಲಾಖೆಯ ಪೈಪು ಒಡೆಯುವುದನ್ನು ಜೀವಮಾನವೆಲ್ಲ ನೋಡಿದ ನನಗೆ ಆ ಬಾವುಟಗಳ ಬಗ್ಗೆ ಗೌರವ ಹುಟ್ಟಿತು.

ಮಾರ್ಚ್ ಮೊದಲ ವಾರದಲ್ಲಿ ಅಗೆಯುವ ಯಂತ್ರ ಬಂದಿತು. ಹುಲ್ಲಿನ ಹೊದಿಕೆಯನ್ನು ಕಿತ್ತು ಒಂದು ಬೊಗಸೆ ಮಣ್ಣನ್ನು ಮೇಲೆತ್ತಿದ ಕೂಡಲೇ ನಾನು ಕುರ್ಚಿಯಿಂದ ಎದ್ದು ನಿಂತೆ. ಅದು ನಮ್ಮ ಎರೆ! ಕಪ್ಪಗೆ, ಜಿಗುಟಾಗಿ, ಕೈಯಲ್ಲಿ ಹಿಡಿದು ಒತ್ತಿದರೆ ಬೆರಳಚ್ಚು ಮೂಡುವಂಥ ಎರೆಮಣ್ಣು. "ಅಪ್ಪಾ, ಹತ್ರ ಹೋಗಬ್ಯಾಡ್ರಿ" ಎಂದು ಮಗಳು ಕೂಗುತ್ತಿದ್ದರೂ ಹೋಗಿ ಒಂದು ಹೆಂಟೆಯನ್ನು ಎತ್ತಿಕೊಂಡು ಬಂದೆ. ಆಮೇಲೆ ಓದಿ ತಿಳಿದುಕೊಂಡೆ: ಡಲ್ಲಾಸ್ ಸುತ್ತಲಿನ ಈ ಕರಿನೆಲವೂ ನಮ್ಮ ದಖ್ಖನ್ನಿನ ಎರೆಭೂಮಿಯೂ ಮಣ್ಣಿನ ವರ್ಗೀಕರಣದಲ್ಲಿ ಒಂದೇ ಗಣಕ್ಕೆ ಸೇರಿದವು. ಅದಕ್ಕೆ ವರ್ಟಿಸಾಲ್ ಎಂದು ಹೆಸರು. ಇವುಗಳ ಪೈಕಿ 'ಹ್ಯೂಸ್ಟನ್ ಬ್ಲಾಕ್' ಎಂಬುದನ್ನು ಟೆಕ್ಸಸ್ ರಾಜ್ಯದ ಮಣ್ಣೆಂದು ಗುರುತಿಸುತ್ತಾರೆ. ರಾಜ್ಯಪಕ್ಷಿ, ರಾಜ್ಯಪುಷ್ಪಗಳಿದ್ದಂತೆ ರಾಜ್ಯಕ್ಕೊಂದು ಮಣ್ಣು!

ಎರೆಯ ಗುಣ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಾಯಿ ಬಿಡುತ್ತದೆ. ಪ್ಲೇನೋದಲ್ಲಿ ಈ ಕಾರಣಕ್ಕಾಗಿಯೇ ಬೇಸಿಗೆಯಲ್ಲಿ ಮನೆಯ ಬುನಾದಿಯ ಸುತ್ತ ತೂತಿನ ಪೈಪು ಹಾಸಿ ನೀರು ಬಿಡುತ್ತಾರೆ. ಗಿಡಕ್ಕಲ್ಲ, ಬುನಾದಿಗೆ. ಇಂಥ ನೆಲದಲ್ಲಿ ಕೊಳ ಕಟ್ಟಿದರೆ ನೆಲದ ಉಸಿರಾಟಕ್ಕೆ ಗೋಡೆ ಸೀಳಬಾರದಲ್ಲವೆ? ಹೊಂಡದ ತಳದಲ್ಲಿ ಇನ್ನೂ ಆಳಕ್ಕೆ ಕೊರೆದು ಕಾಂಕ್ರೀಟಿನ ಕಂಬಗಳನ್ನು ಇಳಿಸಿದರು. ಅವುಗಳ ಮೇಲೆ ಕಬ್ಬಿಣದ ಸರಳುಗಳನ್ನು ಒತ್ತೊತ್ತಾಗಿ ಹೆಣೆದರು. ಮೂರು ದಿನ ಕಳೆದ ಮೇಲೆ ನೋಡಿದರೆ ಮಗುಚಿ ಹಾಕಿದ ದೊಡ್ಡ ಪಂಜರದಂತೆ ಕಾಣುತ್ತಿತ್ತು. ನನಗಂತೂ ನಮ್ಮ ಹಿರಿಯರು ಜೋಳ ತುಂಬಲು ತೋಡುತ್ತಿದ್ದ ಹಗೇವು ನೆನಪಾಯಿತು. ಅವರದು ಕಾಳಿಗಾಗಿ ತೋಡಿದ ಹೊಂಡ, ನೀರು ಒಳಗೆ ಬರಬಾರದೆಂಬ ಚಿಂತೆ. ಇವರದು ನೀರಿಗಾಗಿ ತೋಡಿದ್ದು, ಅದು ಹೊರಗೆ ಹೋಗಬಾರದೆಂಬ ಚಿಂತೆ.

ನಗರಾಡಳಿತದ ತಪಾಸಣಾಧಿಕಾರಿ ಬಂದ. ಅಳತೆಪಟ್ಟಿ ಹಿಡಿದು ಸುತ್ತಿದ. ಒಂದು ಮೂಲೆಯಲ್ಲಿ ಸರಳು ಮಣ್ಣಿಗೆ ತಾಗಿಕೊಂಡಂತಿತ್ತು. ಕವರ್ ಬ್ಲಾಕ್ ಇಟ್ಟು ಎತ್ತರಿಸಿ ಎಂದು ಬರೆದುಕೊಟ್ಟು ಹೋದ. ಮೂರು ದಿನ ಕೆಲಸ ನಿಂತಿತು. ಅಳಿಯಂದಿರಿಗೆ ಬೇಸರವಾದರೂ ನನಗೆ ಸಂತೋಷವಾಯಿತೆಂದೇ ಹೇಳಬೇಕು. ಉತ್ತರಪತ್ರಿಕೆಯ ಕೊನೆಯ ಪುಟದವರೆಗೂ ಓದಿ ಅಂಕ ಹಾಕುವ ಪರೀಕ್ಷಕರು ಕಡಿಮೆ.

ಸರಳಿನ ಮೇಲೆ ಕಾಂಕ್ರೀಟು ಹಾಕಿದ ದಿನವಂತೂ ಹಬ್ಬ. ಹಲಗೆ ಕಟ್ಟಿ ಬುಟ್ಟಿಯಲ್ಲಿ ಸುರಿಯುವ ನಮ್ಮ ಪದ್ಧತಿಯಲ್ಲ. ಒಣ ಸಿಮೆಂಟು, ಮರಳುಗಳ ಮಿಶ್ರಣವನ್ನು ಗಾಳಿಯ ಒತ್ತಡದಿಂದ ದಪ್ಪ ಕೊಳವೆಯಲ್ಲಿ ಓಡಿಸಿ, ತುದಿಯಲ್ಲಿ ನೀರು ಬೆರೆಸಿ, ಗೋಡೆಗೆ ಬಂದೂಕಿನಂತೆ ಹೊಡೆಯುತ್ತಾರೆ. ಇದಕ್ಕೆ ಗನೈಟ್ ಎನ್ನುತ್ತಾರೆ. ಇದರ ಯಂತ್ರವನ್ನು ಕಂಡುಹಿಡಿದವನು ಎಂಜಿನಿಯರನಲ್ಲ. ಸತ್ತ ಪ್ರಾಣಿಗಳ ಚರ್ಮಕ್ಕೆ ಆಕಾರ ಕೊಟ್ಟು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುತ್ತಿದ್ದ ಕಾರ್ಲ್ ಏಕ್ಲಿ ಎಂಬವನು. ಚಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿದ್ದಾಗ ಕಟ್ಟಡದ ಹೊರಗೋಡೆಯ ದುರಸ್ತಿಗೆಂದು ಇದನ್ನು ರೂಪಿಸಿ 1911ರಲ್ಲಿ ಪೇಟೆಂಟು ಪಡೆದ. ಆನೆಯ ಪ್ರತಿಕೃತಿ ಮಾಡುವವನ ಯಂತ್ರದಿಂದ ಇಂದು ಸುರಂಗಗಳಿಗೂ ಈಜುಕೊಳಗಳಿಗೂ ಗೋಡೆ ಎಬ್ಬಿಸುತ್ತಾರೆಂಬುದನ್ನು ಮೊದಲೇ ತಿಳಿದಿದ್ದರೆ ತರಗತಿಯಲ್ಲಿ ಎಷ್ಟು ಸಲ ಹೇಳುತ್ತಿದ್ದೆನೋ.

ಆಮೇಲೆ ಕ್ಯೂರಿಂಗ್. ದಿನಕ್ಕೆ ಮೂರು ಹೊತ್ತು ನೀರು ಹೊಡೆಯುವ ಹೊಣೆಯನ್ನು ನಾನೇ ಕೇಳಿ ವಹಿಸಿಕೊಂಡೆ. ಭಾರತದಲ್ಲಿ ಮನೆ ಕಟ್ಟಿಸಿದವನಿಗೆ ಇದರಲ್ಲಿ ಅನುಭವ ಬೇಕಾದಷ್ಟಿರುತ್ತದೆ. ಹತ್ತು ದಿನ ಪೈಪು ಹಿಡಿದು ನಿಂತಾಗ ಹರಿದುಹೋಗುವ ನೀರನ್ನು ನೋಡುತ್ತ ನೋಡುತ್ತ ಲೆಕ್ಕ ಶುರುವಾಯಿತು. ಮಾಸ್ತರನ ಮನಸ್ಸು ನೋಡಿ! ಕೊಳದ ಉದ್ದ 32 ಅಡಿ, ಅಗಲ 16 ಅಡಿ, ಸರಾಸರಿ ಆಳ 5 ಅಡಿ. ಅಂದರೆ 2,560 ಘನ ಅಡಿ. ಸುಮಾರು 72,500 ಲೀಟರ್. ನಮ್ಮಲ್ಲಿ 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣರಿಗೆ ನಿಗದಿ ಮಾಡಿದ್ದು ದಿನಕ್ಕೆ ತಲೆಗೆ 55 ಲೀಟರ್. ಐದು ಜನರ ಮನೆಗೆ ಎಂಟು ತಿಂಗಳಿಗೂ ಮಿಕ್ಕಿ ಸಾಲುವ ನೀರು ಈ ಹೊಂಡಕ್ಕೆ ಒಂದು ಸಲಕ್ಕೆ ಬೇಕು. ಎರೆಸೀಮೆಯಲ್ಲಿ ಬಾವಿ ತೋಡಿದರೆ ಸವುಳು ನೀರು; ಕೊಡ ಹೊತ್ತು ಕೆರೆಗೆ ನಡೆದವರ ಮಗ ನಾನು. ಇದನ್ನು ಕೇಳಿದ ನನ್ನಾಕೆ, "ಇಷ್ಟು ರೊಕ್ಕದಾಗ ಒಂದು ಕೆರಿ ಹೂಳ ತೆಗಸಬಹುದಿತ್ತು" ಎಂದಳು, ಅಳಿಯಂದಿರಿಗೆ ಕೇಳಿಸದಂತೆ.

ಅಳಿಯಂದಿರಿಗೆ ಲೆಕ್ಕವನ್ನು ನಾನೇ ತೋರಿಸಿದೆ. ಅವರು ಸಿಟ್ಟಾಗಲಿಲ್ಲ. "ಮಾಮಾ, ಈ ನೀರು ಚೆಲ್ಲೂದಲ್ರಿ. ಸೋಸಿ ಸೋಸಿ ಅದನ್ನ ವರ್ಷಾನುಗಟ್ಲೆ ಬಳಸ್ತೀವಿ. ಆವಿಯಾಗಿ ಹೋದಷ್ಟು ಮಾತ್ರ ಮತ್ತ ತುಂಬಬೇಕು" ಎಂದರು. ಆ ಮಾತೂ ಸರಿಯೇ. ಆದರೂ ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ.

ತಾಮ್ರದ ತಂತಿಯ ವಿಷಯವನ್ನು ಹೇಳದೆ ಮುಂದೆ ಹೋದರೆ ನನ್ನ ವಿಜ್ಞಾನದ ವಿದ್ಯಾರ್ಥಿಗಳು ಕ್ಷಮಿಸಲಾರರು. ಕೊಳದ ಸರಳು, ಏಣಿ, ಪಂಪು, ಸುತ್ತಲಿನ ನೆಲಗಟ್ಟಿನೊಳಗಿನ ಕಬ್ಬಿಣ ಎಲ್ಲವನ್ನೂ ಬರಿಯ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸುತ್ತಾರೆ. ಎಲ್ಲಿಯಾದರೂ ವಿದ್ಯುತ್ ಸೋರಿದರೂ ನೀರು, ಲೋಹ, ನೆಲ ಎಲ್ಲವೂ ಒಂದೇ ವಿಭವದಲ್ಲಿದ್ದರೆ ಈಜುವವನ ದೇಹದ ಮೂಲಕ ಪ್ರವಾಹ ಹರಿಯದು. ತಂತಿಯ ಮೇಲೆ ಕುಳಿತ ಗುಬ್ಬಿಗೆ ಏಕೆ ಶಾಕ್ ಹೊಡೆಯುವುದಿಲ್ಲವೆಂದು ಒಂಬತ್ತನೆಯ ತರಗತಿಯಲ್ಲಿ ಕೇಳುತ್ತಿದ್ದೆನಲ್ಲ, ಅದೇ ತತ್ತ್ವ.

ಕೊಳದ ತಳದಲ್ಲಿ ನೀರು ಹೀರುವ ಬಾಯಿಗಳು ಎರಡು, ಒಂದರಿಂದೊಂದು ದೂರದಲ್ಲಿ. ಒಂದೇ ಸಾಲದೇ ಎಂದು ಕೇಳಿದೆ. ಗುತ್ತಿಗೆದಾರ ಉಬ್ಬಿದ ಮುಚ್ಚಳವೊಂದನ್ನು ತೋರಿಸಿ ಒಂದು ಕಾನೂನಿನ ಹೆಸರು ಹೇಳಿದ. ಅಮೆರಿಕೆಯ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಬೇಕರ್ ಅವರ ಮೊಮ್ಮಗಳು ವರ್ಜೀನಿಯಾ ಗ್ರೇಮ್ ಬೇಕರ್, ಏಳು ವರ್ಷದ ಹುಡುಗಿ, 2002ರಲ್ಲಿ ಬಿಸಿನೀರಿನ ತೊಟ್ಟಿಯೊಂದರ ತಳದ ಹೀರುವ ಬಾಯಿಗೆ ಸಿಕ್ಕಿಕೊಂಡು ಮುಳುಗಿ ತೀರಿಕೊಂಡಳು. ಅವಳ ತಾಯಿ ಪಟ್ಟುಹಿಡಿದು ಓಡಾಡಿದ ಫಲವಾಗಿ 2007ರಲ್ಲಿ ಆ ಮಗುವಿನ ಹೆಸರಿನಲ್ಲಿಯೇ ಕಾಯಿದೆ ಬಂದಿತು. ಯಾರನ್ನೂ ಹಿಡಿದಿಟ್ಟುಕೊಳ್ಳದ ಮುಚ್ಚಳಗಳನ್ನೇ ಮಾರಬೇಕೆಂದು ಅದು ವಿಧಿಸಿತು. ನನ್ನ ಮೊಮ್ಮಗಳು ಅಲ್ಲೇ ಪಕ್ಕದಲ್ಲಿ ನಿಂತಿದ್ದಳು. ಅವಳಿಗೆ ಏನೂ ಹೇಳಲಿಲ್ಲ.

ಮೇ ತಿಂಗಳಲ್ಲಿ ಬೇಲಿಯ ಪ್ರಶ್ನೆ ಬಂದಿತು. ಹಿತ್ತಲಿನ ಮೂರು ಬದಿಗೆ ಆರಡಿ ಎತ್ತರದ ಮರದ ಬೇಲಿ ಮೊದಲೇ ಇತ್ತು. ಅದು ನೆರೆಯವರ ಮಕ್ಕಳನ್ನು ತಡೆಯುತ್ತದೆ. ಮನೆಯ ಹಿಂಬಾಗಿಲು ಮಾತ್ರ ನೇರವಾಗಿ ಕೊಳದ ಕಡೆಗೇ ತೆರೆಯುತ್ತಿತ್ತು. ಮನೆಗೂ ಕೊಳಕ್ಕೂ ನಡುವೆ ಇನ್ನೊಂದು ಬೇಲಿ ಬೇಕೇಬೇಕೆಂದು ಮಗಳ ಹಟ. ಬಾಗಿಲು ತೆರೆದರೆ ಕೂಗುವ ಗಂಟೆಯೊಂದಿದ್ದರೆ ಸಾಕು, ಇಷ್ಟು ಖರ್ಚು ಮಾಡಿದ ಕೊಳ ಅಡುಗೆಮನೆಯ ಕಿಟಕಿಯಿಂದ ಚೆನ್ನಾಗಿ ಕಾಣಬೇಡವೇ ಎಂದು ಅಳಿಯಂದಿರ ವಾದ. ಎರಡು ದಿನ ಮನೆಯಲ್ಲಿ ಮಾತು ಬಿಗಿಯಾಗಿತ್ತು. ಮಾವನಾದವನು ಇಂಥಲ್ಲಿ ಬಾಯಿ ಹಾಕಬಾರದೆಂಬುದು ನನ್ನ ನಿಯಮ. ಮೂರನೆಯ ದಿನ ಊಟವಾದ ಮೇಲೆ ನಿಯಮವನ್ನು ಬದಿಗಿಟ್ಟು ಒಬ್ಬ ಹುಡುಗನ ಸಂಗತಿ ಹೇಳಿದೆ.

ನಿಮ್ಮಲ್ಲಿ ಕೆಲವರಿಗೆ ಅವನ ನೆನಪಿದ್ದೀತು, ಹೆಸರು ಬೇಡ. 2015ರ ಬೇಸಿಗೆ ರಜೆ. ಎಂಟನೆಯ ತರಗತಿಗೆ ಬರಬೇಕಾಗಿದ್ದವನು. ಹೊಲದಲ್ಲಿ ಹೊಸದಾಗಿ ಕೃಷಿ ಹೊಂಡ ತೋಡಿಸಿದ್ದರು. ಮುಂಗಾರಿಗೆ ಮುಂಚಿನ ಅಡ್ಡಮಳೆಗೆ ಅರ್ಧ ತುಂಬಿತ್ತು. ಎಮ್ಮೆಗೆ ನೀರು ಕುಡಿಸಲು ಹೋದವನು ಜಾರಿ ಬಿದ್ದ. ಅವನಿಗೆ ಈಜು ಬರುತ್ತಿತ್ತು, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕೆರೆಯಲ್ಲಿ ಕಲಿತವನು. ಆದರೆ ಆ ಹೊಂಡಕ್ಕೆ ಮೆಟ್ಟಿಲಿರಲಿಲ್ಲ, ಹಿಡಿದುಕೊಳ್ಳಲು ಕಲ್ಲಿರಲಿಲ್ಲ. ಹಸಿ ಎರೆ ಹಿಡಿದರೆ ಕೈಗೆ ಕಿತ್ತು ಬರುತ್ತದೆ, ಕಾಲೂರಿದರೆ ಜಾರುತ್ತದೆ. ಅವನು ಹತ್ತಲು ಯತ್ನಿಸಿದ ಗುರುತುಗಳು ಗೋಡೆಯ ಮೇಲೆ ಒಂದೆಡೆಯಲ್ಲ, ಮೂರು ಕಡೆ ಇದ್ದವು. ಅವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ತಂದೆ ನನ್ನ ಕೈ ಹಿಡಿದುಕೊಂಡು, "ಈಜು ಬರತಿತ್ರಿ ಸರ್, ಅವಗ ಈಜು ಬರತಿತ್ತು" ಎಂದು ಅದನ್ನೇ ಹೇಳುತ್ತಿದ್ದರು.

ಅಳಿಯಂದಿರು ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಬೇಲಿಯವನಿಗೆ ಅವರೇ ಫೋನು ಮಾಡಿದರು.

ಆ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಬೇರೆಲ್ಲ ಕಾರಣಗಳಿಗಿಂತ ಮುಳುಗುವಿಕೆಯೇ ಮುಂದು. ಅವುಗಳಲ್ಲಿ ಹೆಚ್ಚಿನವು ಮನೆಯ ಈಜುಕೊಳಗಳಲ್ಲಿಯೇ ಆಗುತ್ತವೆ. ಆದುದರಿಂದ ಬೇಲಿಗೆ ನಾಲ್ಕಡಿಗಿಂತ ಕಡಿಮೆ ಎತ್ತರವಿರಬಾರದು, ಸಂದುಗಳು ಮಗು ತೂರದಷ್ಟು ಕಿರಿದಾಗಿರಬೇಕು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಬೇಲಿಯ ಬಾಗಿಲು. ಅದರ ಕೀಲಿನಲ್ಲಿ ಸ್ಪ್ರಿಂಗು. ಕೈ ಬಿಟ್ಟರೆ ತಾನಾಗಿ ಮುಚ್ಚಿ, ತಾನಾಗಿ ಚಿಲಕ ಬೀಳುತ್ತದೆ. ಚಿಲಕ ಮಗುವಿನ ಕೈಗೆಟುಕದ ಎತ್ತರದಲ್ಲಿ. ಬಾಗಿಲು ತೆರೆಯುವುದು ಕೊಳದ ಕಡೆಗಲ್ಲ, ಹೊರಕ್ಕೆ. ಮಗು ಬಾಗಿಲಿಗೆ ಆತುಕೊಂಡು ತಳ್ಳಿದರೆ ಅದು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಕೊನೆಯ ತಪಾಸಣೆಯ ದಿನ ಅಧಿಕಾರಿ ಅದನ್ನು ಪೂರ್ತಿ ತೆರೆದು ಬಿಟ್ಟ, ಅರ್ಧ ತೆರೆದು ಬಿಟ್ಟ, ನಾಲ್ಕು ಬೆರಳಷ್ಟು ತೆರೆದು ಬಿಟ್ಟ. ಮೂರು ಸಲವೂ ಟಕ್ಕೆಂದಿತು.

ಒಳಗಿನ ಗಿಲಾವು ಮುಗಿದೊಡನೆ ನೀರು ಬಿಟ್ಟರು. ನಡುವೆ ನಿಲ್ಲಿಸಿದರೆ ಗೋಡೆಗೆ ಗೆರೆ ಬೀಳುತ್ತದೆಂದು ಹಗಲೂ ರಾತ್ರಿ ಒಂದೂವರೆ ದಿನ ಬಿಡದೆ ತುಂಬಿಸಿದರು. ಜೂನ್ ಕೊನೆಗೆ ಈಜು ಕಲಿಸುವ ಹೆಣ್ಣುಮಗಳೊಬ್ಬಳು ಬರತೊಡಗಿದಳು. ಅವಳು ಮೊದಲು ಕಲಿಸಿದ್ದು ಕೈಕಾಲು ಬಡಿಯುವುದನ್ನಲ್ಲ. ನೀರಿಗೆ ಬಿದ್ದರೆ ಹೊರಳಿ ಅಂಗಾತ ತೇಲುವುದನ್ನು, ಆಮೇಲೆ ತಿರುಗಿ ಅಂಚನ್ನು ಹಿಡಿಯುವುದನ್ನು. ಮೊಮ್ಮಗಳು ನನ್ನನ್ನೂ ಎಳೆದಳು. "ಅಜ್ಜಾ, ಬಾ!" ಅರವತ್ತಾರರ ವಯಸ್ಸಿನಲ್ಲಿ ಸೋರೆಬುರುಡೆಯಿಲ್ಲದೆ ಇಳಿದೆ. ಮರೆತಿರಲಿಲ್ಲ.

ಆಗಸ್ಟ್‌ನಲ್ಲಿ ಊರಿಗೆ ಬಂದ ಮೇಲೆ ಹೊಲವಿರುವ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಅವನ ಕೃಷಿ ಹೊಂಡಕ್ಕೆ ತಂತಿಬೇಲಿಯಿತ್ತು. ಈಗ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆ ಬೇಲಿಯೂ ಸೇರಿದೆಯೆಂದು ನೀವೂ ಬಲ್ಲಿರಿ. ಆದರೆ ಬಾಗಿಲೆಂದರೆ ಒಂದು ಮುಳ್ಳಿನ ಕಂಟಿ. ಸರಿಸಿದವರು ಮರಳಿ ಇಟ್ಟರೆ ಉಂಟು. ಹತ್ತಲು ಏನಿದೆ ಎಂದು ಕೇಳಿದೆ. ಏನೂ ಇರಲಿಲ್ಲ. ಕೆಂಪು ನೆಲದವರ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ಕು ಎರೆಗಿಂತಲೂ ಹೆಚ್ಚು ಜಾರುತ್ತದೆಂಬುದನ್ನೂ ಹೇಳಿ, ಪ್ಲೇನೋದ ಬಾಗಿಲಿನ ಚಿತ್ರವನ್ನು ಅವನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸಿದೆ.

ಹದಿನೈದು ದಿನಗಳ ನಂತರ ಅವನಿಂದ ಮೊಬೈಲಿಗೆ ನಾಲ್ಕು ಫೋಟೋಗಳು ಬಂದವು. ಊರಿನ ಬೆಸುಗೆಯವನಿಂದ ಮಾಡಿಸಿದ ಕಬ್ಬಿಣದ ಬಾಗಿಲು, ಅದನ್ನು ಎಳೆದು ಮುಚ್ಚಲು ಹಗ್ಗದ ತುದಿಗೆ ಕಟ್ಟಿದ ಕಲ್ಲು. ಸ್ಪ್ರಿಂಗು ತುಕ್ಕು ಹಿಡಿಯುತ್ತದಂತೆ. ಹೊಂಡದ ನಾಲ್ಕೂ ಬದಿಗೆ ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಟ್ಟ ಗಂಟುಹಗ್ಗ, ಪ್ರತಿ ಹಗ್ಗದ ತುದಿಗೆ ಒಂದೊಂದು ಹಳೆಯ ಟ್ರ್ಯಾಕ್ಟರ್ ಟ್ಯೂಬು. ಟ್ಯೂಬಿನ ಉಪಾಯ ಅವನದೇ. ನಿಮ್ಮಲ್ಲಿ ಹೊಂಡ ಇರುವವರು ಬರೆದರೆ ಆ ನಾಲ್ಕೂ ಫೋಟೋಗಳನ್ನು ಕಳಿಸಿಕೊಡುತ್ತೇನೆ.