ನೆಲಮಾಳಿಗೆಯ ರೈಲು ದಾರಿ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ವಿಶ್ರಾಂತರಾದ ನಾವು, ಅರವತ್ತನೆಯ ವಯಸ್ಸಿನಲ್ಲಿ ಆಟದ ರೈಲುಗಾಡಿಯೊಂದರ ಮುಂದೆ ಕೈ ನಡುಗುತ್ತ ನಿಂತೆವೆಂದರೆ ವಾಚಕರು ನಕ್ಕಾರು. ನಗಲಿ, ನಡೆದುದನ್ನು ನಡೆದಂತೆಯೇ ಹೇಳುವೆವು.

ಕಳೆದ ವರ್ಷ ಮಗನನ್ನು ನೋಡಲೆಂದು ಅಮೆರಿಕಾ ದೇಶದ ಓಹಿಯೋ ಪ್ರಾಂತಕ್ಕೆ ಹೋಗಿದ್ದೆವು. ಅವನ ನೆರೆಮನೆಯ ವೃದ್ಧರೊಬ್ಬರು ತಮ್ಮ ನೆಲಮಾಳಿಗೆಯಲ್ಲಿ ರೈಲು ದಾರಿಯೊಂದನ್ನು ಕಟ್ಟಿಕೊಂಡಿದ್ದರು. ಒಂದು ಶನಿವಾರ ಮಗನು, "ಅಣ್ಣ, ಇವತ್ತು ಅವರ ಮನೇಲಿ ರೈಲು ಓಡಿಸ್ತಾರೆ. ಒಬ್ಬರು ಕಡಿಮೆ ಇದ್ದಾರಂತೆ, ನೀವೂ ಬನ್ನಿ" ಎಂದನು. ಮಕ್ಕಳಾಟವೆಂದು ಮನಸ್ಸಿನಲ್ಲಿಯೇ ನಕ್ಕು ಹೊರಟೆವು.

ಒಳಗೆ ಹೋಗಿ ನೋಡಿದರೆ, ಗೋಡೆಯುದ್ದಕ್ಕೂ ಎದೆಯೆತ್ತರದಲ್ಲಿ ಬೆಟ್ಟಗಳು, ಸೇತುವೆಗಳು, ಊರುಗಳು. ಎಲ್ಲವೂ ನಿಜವಾದುದರ 87ರಲ್ಲಿ ಒಂದು ಪಾಲಿನ ಅಳತೆ. 40 ಅಡಿಯ ಗೂಡ್ಸು ಡಬ್ಬಿಯು ಅಲ್ಲಿ ಐದೂವರೆ ಅಂಗುಲ. ಆದರೆ ಗಾಡಿಗಳನ್ನು ಸುಮ್ಮನೆ ಸುತ್ತಿಸುವುದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಪ್ರತಿಯೊಂದು ಡಬ್ಬಿಗೂ ಒಂದು ಚೀಟಿ; ಅದು ಎಲ್ಲಿಂದ ಬಂತು, ಯಾವ ಸರಕನ್ನು ಹೊತ್ತಿದೆ, ಯಾರ ಉಗ್ರಾಣಕ್ಕೆ ಸೇರಬೇಕು ಎಂಬುದೆಲ್ಲವೂ ಅದರಲ್ಲಿ ಬರೆದಿರುವುದು. ನ್ಯೂ ಆರ್ಲಿಯನ್ಸಿನ ಫ್ರಾಂಕ್ ಎಲಿಸನ್ ಎಂಬುವರು 1940ರ ದಶಕದಲ್ಲಿಯೇ ಇಂತಹ ಆಟವನ್ನು ನಾಟಕಕ್ಕೆ ಹೋಲಿಸಿ ಬರೆದರಂತೆ: ಹಳಿ ಹಾಸಿದ ನೆಲವೇ ರಂಗಭೂಮಿ, ಗಾಡಿಗಳೇ ಪಾತ್ರಗಳು, ವೇಳಾಪಟ್ಟಿಯೇ ನಾಟಕದ ಪಾಠ. ಹಳಿ ತಪ್ಪಿದ ಡಬ್ಬಿಯನ್ನು ಎತ್ತಿಡುವುದಕ್ಕಲ್ಲದೆ ಮನುಷ್ಯನ ಕೈ ಆ ರಂಗದೊಳಕ್ಕೆ ಇಳಿಯಕೂಡದು.

ಗೋಡೆಯ ಗಡಿಯಾರವು ನಾಲ್ಕರಷ್ಟು ವೇಗದಲ್ಲಿ ತಿರುಗುತ್ತಿತ್ತು. ನಮ್ಮ ಮೂರು ಗಂಟೆ ಅದರ ಹನ್ನೆರಡು. ಬೇರೊಂದು ಕೋಣೆಯಲ್ಲಿ ಡಿಸ್ಪ್ಯಾಚರರೆಂಬ ಅಧಿಕಾರಿಗಳು ಟೆಲಿಫೋನಿನ ಮುಂದೆ ಕುಳಿತಿದ್ದರು. ಅವರಿಗೆ ಗಾಡಿಗಳು ಕಾಣುವುದಿಲ್ಲ. ಕೇಳಿದುದನ್ನು ಬರೆದುಕೊಂಡು, ಅದರ ಬಲದಿಂದಲೇ ಆಜ್ಞೆ ಕೊಡಬೇಕು. ಆಜ್ಞೆಯನ್ನು ಪಡೆದವನು ಅದನ್ನು ಬರೆದುಕೊಂಡು, ತಿರುಗಿ ಓದಿ ಒಪ್ಪಿಸಬೇಕು.

ಅಲ್ಲಿನ ನಿಯಮಗಳು ನಮಗೆ ಬಹಳ ಹಿಡಿಸಿದವು. ದಾರಿ ಒಂಟಿ ಹಳಿಯದು. ಪ್ರಯಾಣಿಕರ ಗಾಡಿಯು ಸರಕಿನ ಗಾಡಿಗಿಂತ ಮೇಲು. ಒಂದೇ ದರ್ಜೆಯ ಎರಡು ಗಾಡಿಗಳು ಎದುರಾದರೆ ಗೊತ್ತಾದ ಒಂದು ದಿಕ್ಕಿಗೆ ಹೋಗುವುದು ಮೇಲು. ಡಿಸ್ಪ್ಯಾಚರರ ಲಿಖಿತ ಆಜ್ಞೆಯು ಇವೆರಡಕ್ಕಿಂತಲೂ ಮೇಲು. ಪಾಣಿನಿಯ ವ್ಯಾಕರಣದಲ್ಲಿಯೂ ಎರಡು ಸೂತ್ರಗಳು ಒಂದೆಡೆ ಪ್ರಾಪ್ತವಾದರೆ ಯಾವುದು ಬಲವತ್ತರವೆಂದು ನಿರ್ಣಯಿಸುವ ಕ್ರಮವುಂಟು. ಉತ್ಸರ್ಗವನ್ನು ಅಪವಾದವು ಬಾಧಿಸುತ್ತದೆ. ಇದು ನಮ್ಮ ಶಾಸ್ತ್ರವೇ ಸರಿ ಎಂದು ಹಿಗ್ಗಿದೆವು. ಆ ಹಿಗ್ಗೇ ನಮಗೆ ಮುಳುವಾಯಿತು.

ಮಗನು ಎಂಜಿನನ್ನು ನಡೆಸುವವನು. ಚೀಟಿಗಳೂ ಆಜ್ಞೆಗಳೂ ನಮ್ಮ ಕೈಯಲ್ಲಿ. ಒಂದು ಊರಿನಲ್ಲಿ ಹಿಟ್ಟಿನ ಗಿರಣಿಗೆ ಡಬ್ಬಿಯೊಂದನ್ನು ಬಿಡಬೇಕಾಗಿತ್ತು. ಪಾಯಿಂಟು ಎದುರುಮುಖವಾಗಿದ್ದುದರಿಂದ ಎಂಜಿನನ್ನು ಕಳಚಿ, ಲೂಪಿನಲ್ಲಿ ಸುತ್ತಿಸಿ, ಡಬ್ಬಿಯ ಹಿಂದಕ್ಕೆ ತಂದು ತಳ್ಳಿಸಬೇಕು. ಆ ಸಮಸ್ಯೆಯನ್ನು ಬಿಡಿಸುವ ಸಂತೋಷದಲ್ಲಿ ಮೈಮರೆತೆವು. ಎದುರಿನಿಂದ ಬರುವ ಪ್ರಯಾಣಿಕರ ಗಾಡಿಗೆ ಐದು ನಿಮಿಷ ಮುಂಚಿತವಾಗಿಯೇ ಮುಖ್ಯ ಹಳಿಯನ್ನು ತೆರವು ಮಾಡಬೇಕೆಂಬುದು ನಿಯಮ. ಆ ಗಡಿಯಾರದ ಐದು ನಿಮಿಷವೆಂದರೆ ನಮ್ಮ 75 ಸೆಕೆಂಡು. ತಲೆಯೆತ್ತಿ ನೋಡುವಷ್ಟರಲ್ಲಿ ಸುರಂಗದಿಂದ ದೀಪವು ಹೊರಬಂದಿತ್ತು. ಆ ಗಾಡಿಯ ಚಾಲಕರು ಗೇಣಿನ ಅಂತರದಲ್ಲಿ ನಿಲ್ಲಿಸಿದರು.

ಯಾರೂ ನಗಲಿಲ್ಲ. ಮನೆಯ ಯಜಮಾನರು ಬಂದು, "ಇಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ. ಆದರೆ ಹೋಗುತ್ತದೆಂದೇ ತಿಳಿದು ನಡೆಯುತ್ತೇವೆ" ಎಂದು ಮೆಲ್ಲಗೆ ಹೇಳಿದರು. ಚೀಟಿಗಳನ್ನು ಹಿಡಿದ ನಮ್ಮ ಕೈ ನಡುಗುತ್ತಿತ್ತು.

ನಮ್ಮ ತೀರ್ಥರೂಪರು ಮಲೆನಾಡಿನ ಮೀಟರ್ ಗೇಜ್ ದಾರಿಯ ಒಂದು ಸಣ್ಣ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ಅಲ್ಲಿಯೂ ಒಂಟಿ ಹಳಿ. ಮುಂದಿನ ನಿಲ್ದಾಣದವರು ಒಪ್ಪಿದ ಹೊರತು ಯಂತ್ರದಿಂದ ಟೋಕನ್ ಗೋಲವು ಹೊರಬರುವುದಿಲ್ಲ. ಗೋಲವು ಕೈಸೇರಿದ ಹೊರತು ಚಾಲಕನು ಹೊರಡುವಂತಿಲ್ಲ. 1977ರಲ್ಲಿ ನಮಗೆ ಶ್ಲೋಕಪಠಣದಲ್ಲಿ ಮೊದಲನೆಯ ಬಹುಮಾನ ಬಂದಿತು. ಸಭೆಗೆ ಬರುವೆನೆಂದು ಮಾತು ಕೊಟ್ಟಿದ್ದ ತಂದೆಯವರು ಬರಲಿಲ್ಲ. ಅವರನ್ನು ಬಿಡಿಸಬೇಕಾದವರು ಬಂದಿರಲಿಲ್ಲ. ಎರಡು ಗಾಡಿಗಳ ಕ್ರಾಸಿಂಗ್ ಬಾಕಿಯಿತ್ತು. ರಾತ್ರಿ ಮನೆಗೆ ಬಂದು, "ಗಾಡಿ ಬಿಟ್ಟು ಬರೋ ಹಾಗಿರಲಿಲ್ಲ, ಮಗು" ಎಂದರು. ನಾವು ಮುಖ ತಿರುಗಿಸಿ ಮಲಗಿದೆವು. ಗಾಡಿಗಳ ಮೇಲಿರುವ ಪ್ರೀತಿ ಮಗನ ಮೇಲಿಲ್ಲವೆಂಬ ಕಹಿಯನ್ನು ಬಹುಕಾಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆವು. ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ಅವರು ತೀರಿಕೊಂಡರು.

ಆ ರಾತ್ರಿ ನೆರೆಮನೆಯಿಂದ ನಡೆದು ಬರುವಾಗ ಮಗನಿಗೆ ಇದನ್ನೆಲ್ಲ ಹೇಳಿದೆವು. ಅವನು ಅಜ್ಜನನ್ನು ಕಂಡವನಲ್ಲ. ಸುಮ್ಮನೆ ನಮ್ಮ ಕೈ ಹಿಡಿದುಕೊಂಡು ನಡೆದನು.

ಮುಂದಿನ ತಿಂಗಳು ಕರೆಯದಿದ್ದರೂ ನಾವೇ ಕೇಳಿಕೊಂಡು ಹೋದೆವು. ಅದೇ ಊರು, ಅದೇ ಗಿರಣಿ. ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ, ಹತ್ತು ನಿಮಿಷ ಮುಂಚೆಯೇ ಲೂಪಿಗೆ ಸರಿದು, ಪಾಯಿಂಟನ್ನು ಎರಡು ಸಲ ನೋಡಿ ಕಾದು ನಿಂತೆವು. ಪ್ರಯಾಣಿಕರ ಗಾಡಿಯು ಕಿಟಕಿಗಳಲ್ಲಿ ದೀಪ ಬೆಳಗುತ್ತ ದಾಟಿಹೋಯಿತು. ಯಾರೂ ನಮ್ಮನ್ನು ಹೊಗಳಲಿಲ್ಲ. ಸುಖವಾಗಿ ದಾಟಿದ ಗಾಡಿಗಾಗಿ ತೀರ್ಥರೂಪರನ್ನೂ ಯಾರೂ ಹೊಗಳಿದವರಿಲ್ಲ.