ಫೋನ್ ಇರುವಾಗ ಕೈ ಜಿಪಿಎಸ್ ಯಾಕೆ?

“ಫೋನಲ್ಲೇ ಎಲ್ಲಾ ಇದೆಯಲ್ರೋ, ಇದೊಂದು ಹೊರೆ ಯಾಕೆ?” ನಮ್ಮ ಚಾರಣದ ಗುಂಪಿನ ಕೈ ಜಿಪಿಎಸ್ ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ನಾವು ಐದು ಜನ ಎರಡು ವರ್ಷದಿಂದ ಇದನ್ನು ಹೊತ್ತುಕೊಂಡು ಕೊಡಚಾದ್ರಿ, ಕುದುರೆಮುಖ, ಕುಮಾರಪರ್ವತ ಹತ್ತಿಳಿದಿದ್ದೇವೆ. ಹಾಗಾಗಿ ಹೊಗಳಿಕೆ, ಬೈಗುಳ ಎರಡಕ್ಕೂ ನಮಗೆ ಹಕ್ಕಿದೆ ಅಂದ್ಕೋತೀವಿ.

ಮೊದಲು ಹೊಗಳಿಕೆ. ಇದಕ್ಕೆ ಬೇಕಾಗಿರೋದು ಎರಡು ಪೆನ್ಸಿಲ್ ಸೆಲ್. ಬೆಳಗಿನಿಂದ ಸಂಜೆವರೆಗೆ ಆನ್ ಇಟ್ಟರೂ ದಣಿಯುವುದಿಲ್ಲ, ಮುಗಿದರೆ ಬ್ಯಾಗಿನಿಂದ ಇನ್ನೆರಡು ಹಾಕಿದರಾಯ್ತು. ಫೋನ್ ಹಾಗಲ್ಲ. ನೆಟ್‌ವರ್ಕ್ ಇಲ್ಲದ ಕಾಡಿನಲ್ಲಿ ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಮಳೆ ಹನಿ ಬಿದ್ದರೆ ಟಚ್ ಸ್ಕ್ರೀನಿಗೆ ಹುಚ್ಚು ಹಿಡಿಯುತ್ತದೆ. ಈ ಯಂತ್ರದಲ್ಲಿರುವುದು ಬಟನ್‌ಗಳು, ಒದ್ದೆ ಕೈಯಲ್ಲೂ ಒತ್ತಬಹುದು. ಇದರ ಪರದೆ ಬಿಸಿಲು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ನಡೆದ ದಾರಿಯನ್ನೆಲ್ಲ ಗೆರೆಯಾಗಿ ಬರೆದಿಟ್ಟುಕೊಳ್ಳುತ್ತದೆ.

ಇನ್ನು ಬೈಗುಳ. ಇದಕ್ಕೆ ಆಕಾಶ ಕಾಣಬೇಕು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ 4 ಸಿಗಬೇಕು: ಮೂರು ಸ್ಥಾನದ ಲೆಕ್ಕಕ್ಕೆ, ನಾಲ್ಕನೆಯದು ಯಂತ್ರದ ಅಗ್ಗದ ಗಡಿಯಾರದ ತಪ್ಪು ಸರಿಮಾಡಲಿಕ್ಕೆ. ನಮ್ಮ ಕೈಗೆ ಬರುವಷ್ಟರಲ್ಲಿ ಆ ಸಂಕೇತ ತೀರಾ ಕ್ಷೀಣ. ಒದ್ದೆ ಎಲೆಗಳು ಅದನ್ನು ಇನ್ನಷ್ಟು ಕುಗ್ಗಿಸುತ್ತವೆ, ಬಂಡೆಗೆ ಬಡಿದು ಬಂದರೆ ದೂರದ ಲೆಕ್ಕವೇ ತಪ್ಪುತ್ತದೆ. ಕುಮಾರಪರ್ವತದಲ್ಲಿ ಭಟ್ಟರ ಮನೆ ದಾಟಿದ ಮೇಲಿನ ಹುಲ್ಲುಗಾವಲಿನಲ್ಲಿ 4–5 ಮೀಟರ್ ನಿಖರತೆ ತೋರಿಸುತ್ತಿದ್ದದ್ದು, ಶೇಷಪರ್ವತದ ಆಚೆಯ ಕಾಡಿಗೆ ಇಳಿದ ಕೂಡಲೇ 20 ದಾಟಿತು. ಬುತ್ತಿ ಬಿಚ್ಚಿ ಕೂತಿದ್ದಾಗಲೂ ನಾವು ನಡೀತಾ ಇದ್ದೀವಿ ಅಂತ ದೂರ ಸೇರಿಸ್ತಾ ಹೋಯ್ತು!

ಎತ್ತರದ ವಿಷಯದಲ್ಲಂತೂ ನಂಬಲೇಬಾರದು. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲ್ಗಡೆಯೇ ಇರುವುದರಿಂದ, ಅಡ್ಡಲೆಕ್ಕಕ್ಕಿಂತ ಎತ್ತರದ ಲೆಕ್ಕದಲ್ಲಿ ತಪ್ಪು ಹೆಚ್ಚು. 1712 ಮೀಟರಿನ ಶಿಖರದ ಮೇಲೆ ನಿಂತರೂ ಹತ್ತು ನಿಮಿಷಕ್ಕೊಂದು ಎತ್ತರ ಹೇಳುತ್ತಿತ್ತು. ವಾಯುಭಾರ ಅಳೆಯುವ ಸೆನ್ಸರ್ ಇರುವ ದುಬಾರಿ ಮಾದರಿಗಳು ಇದರಲ್ಲಿ ವಾಸಿ.

ಆದರೆ ಇದರ ನಿಜವಾದ ಮಿತಿ ಗೊತ್ತಾಗಿದ್ದು ಅದೇ ದಿನ ಇಳಿಯುವಾಗ. ಮಧ್ಯಾಹ್ನ ಎರಡರ ಹೊತ್ತಿಗೆ ಮಂಜು ಕವಿದು ಹತ್ತು ಹೆಜ್ಜೆ ಮುಂದಿನವರು ಕಾಣದಂತಾಯ್ತು. ಕತ್ತಲಾಗುವ ಮೊದಲು ಕಾಡು ದಾಟಬೇಕು. ಹತ್ತುವಾಗ ಮಂಟಪದ ಬಳಿ ಗುರುತು ಹಾಕಿಕೊಂಡಿದ್ದೆವು, ಅದನ್ನೇ ಆರಿಸಿದೆವು. ಬಾಣ ದಾರಿ ಬಿಟ್ಟು ಪಕ್ಕಕ್ಕೆ ತಿರುಗಿ ನಿಂತಿತು. ಜೊತೆಗಿದ್ದ ಗೈಡಣ್ಣ ಪರದೆ ನೋಡದೆಯೇ ಹೇಳಿದರು: “ಆ ಕಡೆ ಹೋಗ್ಬೇಡಿ ಮಾರಾಯ್ರೆ, ಕೆಳಗೆ ಪ್ರಪಾತ ಉಂಟು.”

ಯಂತ್ರ ಸುಳ್ಳು ಹೇಳಿರಲಿಲ್ಲ. ಮಂಟಪ ಇದ್ದದ್ದು ಅದೇ ದಿಕ್ಕಿನಲ್ಲಿ. ಬಾಣಕ್ಕೆ ಗೊತ್ತಿರುವುದು ಎರಡು ಬಿಂದುಗಳ ನಡುವಿನ ನೇರಗೆರೆ ಮಾತ್ರ, ನಡುವೆ ಏನಿದೆ ಅನ್ನೋದು ಅದಕ್ಕೆ ಬೇಕಾಗಿಲ್ಲ. ನಾವು ಬಾಣ ಬಿಟ್ಟು, ಹತ್ತುವಾಗ ಮೂಡಿದ್ದ ಗೆರೆಯ ಪುಟ ತೆರೆದೆವು. ಗೈಡಣ್ಣ ಮುಂದೆ, ಗೆರೆ ಕೈಯಲ್ಲಿ. ಅವರು ಹಿಡಿದ ದಾರಿ ಮತ್ತು ಗೆರೆ ಎಲ್ಲೂ ಹೆಚ್ಚು ದೂರವಾಗಲಿಲ್ಲ. ಬೆಳಕಿರುವಾಗಲೇ ಭಟ್ಟರ ಮನೆ ತಲುಪಿದೆವು. ಆ ಹೊತ್ತಿಗೆ ನಮ್ಮ ಐದು ಫೋನುಗಳಲ್ಲಿ ಜೀವ ಇದ್ದದ್ದು ಒಂದಕ್ಕೆ.

ಹಾಗಾದರೆ ಕೊಳ್ಳಬೇಕಾ? ವರ್ಷಕ್ಕೊಮ್ಮೆ ಹೋಗುವವರಿಗೆ ಬೇಡ. ಮೊದಲೇ ನಕ್ಷೆ ಇಳಿಸಿಕೊಂಡು, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಒಂದು ಪವರ್ ಬ್ಯಾಂಕ್ ಒಯ್ದರೆ ಸಾಕು. ಪದೇ ಪದೇ ಹೋಗುವ ಗುಂಪಾದರೆ ಎಲ್ಲರೂ ಸೇರಿ ಒಂದು ಕೊಳ್ಳಿ. ಬಹಳ ದಿನ ಮುಚ್ಚಿಟ್ಟಿದ್ದರೆ ಹೊರಡುವ ಮುಂಚೆ ಬಯಲಿನಲ್ಲಿ ಕಾಲು ಗಂಟೆ ಆನ್ ಮಾಡಿಡಿ. ಉಪಗ್ರಹಗಳ ಪೂರ್ತಿ ಪಟ್ಟಿ ಇಳಿಯಲು 12.5 ನಿಮಿಷ ಬೇಕು. ಮೊದಲ ಹೆಜ್ಜೆಯಿಂದಲೇ ಗೆರೆ ಮೂಡುತ್ತಿದೆಯಾ ನೋಡಿಕೊಳ್ಳಿ. ಜೊತೆಗೆ ಆ ಬೆಟ್ಟ ಗೊತ್ತಿರುವವರೊಬ್ಬರನ್ನು ಕರೆದುಕೊಂಡು ಹೋಗಿ. ಅವರ ಕೂಲಿ ಉಳಿಸೋಕೆ ಅಂತ ಮಾತ್ರ ಈ ಯಂತ್ರ ಕೊಳ್ಳಬೇಡಿ.